ಎಂಟು ಸಲ

ಬುರ್ಯಾ ಗಾಳಿ ಎದ್ದ ಮೂರನೆಯ ದಿನ
ಯೆರ್ನೇಯ್ ತನ್ನ ಕುದುರೆ ಬ್ರೇಜಾಳನ್ನು ಕರೆತಂದ.
ಮಾಡಿನ ಮೇಲೆ ಕಲ್ಲು ಹೇರಿಕೊಂಡು ಕೂತ ಊರು ಅವನದು,
ಗಾಡಿಯ ಬಾಗಿಲಿಗೂ ಹಗ್ಗ ಬಿಗಿದಿದ್ದ, ಎರಡು ಸುತ್ತು.

ಎಡಗಣ್ಣಿನ ಕೆಳಗೆ ಗಂಟು,
ಅಕ್ರೋಟಿನ ಗಾತ್ರ, ಸಿಪ್ಪೆಯೂ ಹಾಗೇ.
ಎರಡು ಸಲ ಕೊಯ್ದಾಗಿತ್ತು. ಎರಡು ಸಲವೂ ಮರಳಿತ್ತು,
ಬಾಡಿಗೆ ಕೊಡದವನು
ಇನ್ನಷ್ಟು ಸಾಮಾನಿನೊಂದಿಗೆ ಬಂದ ಹಾಗೆ.

“ಕರೆಂಟು ಕೊಡ್ತೀರಂತೆ” ಅಂದ.
ಬಲಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.
ಮೂರು ಬೆರಳು.
ಮೂವತ್ತು ವರ್ಷ ಕಂಬ ಹತ್ತಿ ತಂತಿ ಎಳೆದದ್ದಕ್ಕೆ
ಸಂಬಳದಲ್ಲಿ ಮುರಿದುಕೊಂಡದ್ದು ಉಳಿದೆರಡು.
“ಅದಕ್ಕೆ ಕಣ್ಣಿಲ್ಲ ಡಾಕ್ಟರೇ.
ಇದು ಗಂಟು, ಇದು ಕುದುರೆ ಅಂತ ಅದಕ್ಕೇನು ಗೊತ್ತು?”

ನೇವೆಂಕಾ ವಾದಿಸಲಿಲ್ಲ. ಸಿರಿಂಜು ಎತ್ತಿ ತೋರಿಸಿದಳು.
ಮದ್ದು ಇದು. ಜೀವಕೋಶದ ಹೊಸ್ತಿಲ ತನಕ ಹೋಗುತ್ತೆ,
ಒಳಗೆ ಬಿಟ್ಟುಕೊಳ್ಳೋದಿಲ್ಲ.
ನಡುವೆ ಒಂದು ಪೊರೆ;
ನಿಮ್ಮ ಮೀಸೆಯ ಒಂದು ಕೂದಲಿನ ದಪ್ಪದೊಳಗೆ
ಅಂಥವು ಹದಿನೈದು ಸಾವಿರ ಹಾಸಬಹುದು.
ಕೊಬ್ಬಿನ ಎರಡು ಸಾಲು. ತಲೆಗೆ ನೀರು ಬೇಕು, ಬಾಲಕ್ಕೆ ಆಗದು,
ಅದಕ್ಕೇ ಬಾಲಕ್ಕೆ ಬಾಲ ತಾಗಿಸಿ ನಿಂತಿವೆ.
ಗಾರೆಯಿಲ್ಲ. ನಿಮ್ಮ ಹೊಲದ ಕಲ್ಲುಗೋಡೆಯ ಹಾಗೆ
ಒಂದಕ್ಕೊಂದು ಒರಗಿದ್ದೇ ಕಟ್ಟಡ.

“ಆ ಗೋಡೆ ನೂಕಿದರೆ ಬೀಳುತ್ತೆ.”
“ಎಷ್ಟು ಹೊತ್ತು ನೂಕುತ್ತೀರಿ ಅನ್ನೋದರ ಮೇಲಿದೆ.”

ನನ್ನ ಕೆಲಸ ತಲೆ ಹಿಡಿಯುವುದು.
ಅರಿವಳಿಕೆಯಲ್ಲಿ ಕುದುರೆಯ ತಲೆ
ಒದ್ದೆ ಹಿಟ್ಟಿನ ಮೂಟೆಯಷ್ಟು ಭಾರ,
ಮೂಗಿನ ಹೊಳ್ಳೆ ಮಾತ್ರ ಇನ್ನೂ ಯಾರದೋ ಗುರುತು ಹಿಡಿಯುತ್ತಿರುತ್ತದೆ.
ಮದ್ದು ಚುಚ್ಚಿ, ಅಂಟು ಸವರಿ,
ಗಂಟಿನ ಆಚೆ ಈಚೆ ಎರಡು ಪಟ್ಟಿ ಒತ್ತಿದಳು.
ಒಂದು ಸೆಕೆಂಡನ್ನು ಹತ್ತು ಸಾವಿರ ಹೋಳು ಮಾಡಿ
ಅದರಲ್ಲೊಂದು ಹೋಳು:
ಅಷ್ಟೇ.

ಬ್ರೇಜಾಳ ಕೆನ್ನೆ ನೆಗೆಯಿತು.
ಗೋಡೆಗೆ ಒರಗಿದ್ದ ಮೂರು ಬೆರಳೂ ನೆಗೆದವು.

ಎರಡು. ಮೂರು.
ನನಗೆ ಕಾಣದ ಕಡೆ, ಪೊರೆಯ ಎರಡೂ ಬದಿಗೆ
ತಡೆಯಲಾರದಷ್ಟು ಸೆಳೆತ.
ಎಲ್ಲೋ ಒಂದು ಬಾಲ ಕದಲಿ
ಆ ಸಂದಿಗೆ ನೀರು ಒಂದು ಬೆರಳು ತೂರಿಸುತ್ತದೆ;
ತಲೆಗಳು ನೀರಿಗೆ ಆಸೆಪಟ್ಟು ಹೊರಳುತ್ತವೆ,
ಹೊರಳಿದ್ದೇ ಬಾಗಿಲು.
ನಾಲ್ಕು. ಐದು. ಯೆರ್ನೇಯ್ ಬಾಯಲ್ಲೇ ಎಣಿಸುತ್ತಿದ್ದ.
ಏಳಕ್ಕೆ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ.
ಎಂಟು.

“ಮುಚ್ಚಿತಾ?”
“ಹತ್ತು ನಿಮಿಷ ಬೇಕು. ಇನ್ನೂ ಜೋರಾಗಿ ಕೊಟ್ಟಿದ್ದರೆ
ಮುಚ್ಚುತ್ತಲೇ ಇರಲಿಲ್ಲ.”
ಗಡಿಯಾರ ಬಿಚ್ಚಿ ಕುದುರೆಯ ಕೊರಳ ಮೇಲಿಟ್ಟು ಕೂತ.

ಅವನಂದದ್ದು ಸರಿ, ಅದಕ್ಕೆ ಕಣ್ಣಿಲ್ಲ.
ಗಂಟಿನ ಕೋಶ, ಪಕ್ಕದ ಒಳ್ಳೆಯ ಕೋಶ,
ಎರಡರದ್ದೂ ತೆರೆಯಿತು, ಎರಡಕ್ಕೂ ಮದ್ದು ಹೊಕ್ಕಿತು.
ಒಂದರಿಂದ ಎರಡಾಗುವ ಅವಸರ ಯಾರಿಗಿದೆಯೋ
ಅವರನ್ನೇ ಹೆಚ್ಚು ಹಿಡಿಯುತ್ತದೆ ಆ ಮದ್ದು.
ಬಾಗಿಲು ಮುಚ್ಚಿತೆಂದು ನಿಟ್ಟುಸಿರಿಟ್ಟ ಮನೆಯೊಳಗೇ
ಅದು ಕಾಲು ಚಾಚಿ ಕೂತಿರುತ್ತದೆ.
ಇದನ್ನು ಅವನಿಗೆ ಹೇಳಲಿಲ್ಲ. ಅವನು ನಿಮಿಷ ನೋಡುತ್ತಿದ್ದ.

ಐದು ವಾರಕ್ಕೆ ಬಂದ, ಬೆಂಕಿಪೊಟ್ಟಣ ಹಿಡಿದು.
ಒಳಗೆ ಕಪ್ಪು ಹಕ್ಕಳೆ;
ಹುರುಳಿ ಬಕೆಟ್ಟಿನಲ್ಲಿ ಬಿದ್ದಿತ್ತಂತೆ.
ಕಣ್ಣಿನ ಕೆಳಗೆ ಹೊಸ ತೊಗಲು, ರೋಮವಿಲ್ಲ, ಗುಲಾಬಿ.
ಅಂಚಿನಲ್ಲಿ ಒಂದು ಬಟಾಣಿ ಇನ್ನೂ ಉಳಿದಿದೆ,
ಮಾರ್ಚಿನಲ್ಲಿ ಮತ್ತೊಮ್ಮೆ ಅಂದಳು ನೇವೆಂಕಾ.

ಯಂತ್ರದ ಸ್ವಿಚ್ಚು ಆರಿಸಿತ್ತು.
ಆರಿದೆಯೇ ಅಂತ ಮೂರು ಸಲ ಕೇಳಿ
ಆ ಎರಡು ಪಟ್ಟಿಗಳ ನಡುವೆ
ಹೆಬ್ಬೆರಳು ಇಟ್ಟ.
ತಣ್ಣಗಿದೆ, ಅಂದ.
ಹೊರಗೆ ಬ್ರೇಜಾ ಗಾಡಿಯ ಹಲಗೆಯನ್ನು ಒದೆಯುತ್ತಿದ್ದಳು.